ಒಂದು ಬೆರಳಿನಷ್ಟು ಹೆಚ್ಚು

ಮಾರ್ಚ್ ೧೨, ಬುಧವಾರ

ಎರಡು ಚಿತ್ರಗಳೂ ಒಂದೇ ಮಾತು ಹೇಳುತ್ತಿಲ್ಲ. ಬೆಳಗಿನಿಂದ ಇದೇ ತಲೆ ಕೊರೆಯುತ್ತಿದೆ.

ಎಡ ಎದೆಯಲ್ಲಿ ಗಡ್ಡೆ ತೆಗೆದ ಜಾಗಕ್ಕೆ ವಿಕಿರಣ ಕೊಡಬೇಕಲ್ಲ, ಅದನ್ನು ಗುರುತಿಸಲು ಒಂದು ಸಿಟಿ ಸ್ಕ್ಯಾನ್, ಒಂದು ಎಂಆರ್‌ಐ. ಸಿಟಿಯ ಮೇಲೆ ಡಾಕ್ಟರಮ್ಮ ಎಳೆದ ಗೆರೆ ನಿಂಬೆಹಣ್ಣಿನಷ್ಟಿದೆ. ಎಂಆರ್‌ಐನಲ್ಲಿ ದ್ರಾಕ್ಷಿಯಷ್ಟು.

"ಯಾವುದು ನಿಜ ಡಾಕ್ಟ್ರೇ?"

"ಸಿಟೀಲಿ ಅಂಚು ಮಸುಕಮ್ಮ. ಎಂಆರ್‌ಐನಲ್ಲಿ ಸ್ಪಷ್ಟ, ಆದ್ರೆ ನೀವು ಬೋರಲು ಮಲಗಿದ್ರಿ, ಜಾಗಾನೇ ಸರಿದಿರುತ್ತೆ. ಎರಡನ್ನೂ ಹೊಂದಿಸಿ, ಗೆರೆ ಎಳೆಯೋವಾಗ ಸುತ್ತ ಸ್ವಲ್ಪ ಹೆಚ್ಚೇ ಬಿಡ್ತೀವಿ."

ನಮ್ಮವರು ನಕ್ಕರು. "ಇವಳೂ ಹೀಗೇನೇ ಡಾಕ್ಟ್ರೇ. ಗಿರಾಕಿ ಅಳತೆ ಮೇಲೆ ಅನುಮಾನ ಬಂದ್ರೆ ಒಳಗೆ ಒಂದು ಬೆರಳು ಬಟ್ಟೆ ಬಿಟ್ಟೇ ಹೊಲೀತಾಳೆ."

ಬಟ್ಟೆಯಲ್ಲಿ ಬಿಟ್ಟರೆ ಯಾರಿಗೂ ನೋವಿಲ್ಲ. ಇಲ್ಲಿ ಆ ಒಂದು ಬೆರಳಿನ ಕೆಳಗಿರುವುದು ನನ್ನ ಹೃದಯ. ಕಡಿಮೆ ಬಿಟ್ಟರೆ ಆ ಹಾಳಾದ್ದು ಮತ್ತೆ ಬಂದೀತು.

ಉಸಿರು ತುಂಬ ಎಳೆದು ಹಿಡಿದರೆ ಹೃದಯ ಅಲ್ಲಿಂದ ಸ್ವಲ್ಪ ದೂರ ಸರಿಯುತ್ತದಂತೆ. ಮನೆಯಲ್ಲಿ ಅಭ್ಯಾಸ ಮಾಡಿ ಎಂದಿದ್ದಾರೆ. ದೀಪ ಆರಿಸಿದ ಮೇಲೆ ಅಂಗಾತ ಮಲಗಿ, ಕೈಗಳನ್ನು ತಲೆಯ ಮೇಲಿಟ್ಟು ಉಸಿರು ಹಿಡಿದೆ. ನಿದ್ದೆ ಹೋಗಿದ್ದಾರೆ ಎಂದುಕೊಂಡಿದ್ದ ನಮ್ಮವರು ದಡಕ್ಕನೆ ಎದ್ದು ನನ್ನ ಮೂಗಿನ ಬಳಿ ಬೆರಳು ಹಿಡಿದರು.

"ಏಯ್, ಉಸಿರಾಡೇ!"

"ಅಭ್ಯಾಸ ಮಾಡ್ತಿದ್ದೆ ಕಣ್ರೀ."

ಹಗಲೆಲ್ಲ ನಗಿಸಿದ ಮನುಷ್ಯ ಬೆರಳನ್ನು ಇನ್ನೂ ಅಲ್ಲಿಂದ ತೆಗೆದಿರಲಿಲ್ಲ.

ಈಗ ಮತ್ತೆ ದೀಪ ಹಾಕಿ ಬರೆಯಲು ಕೂತಿದ್ದೇನೆ. ಅವರು ಆ ಕಡೆ ತಿರುಗಿ ಮಲಗಿದ್ದಾರೆ. ನಿದ್ದೆ ಬಂದಿಲ್ಲ, ಗೊತ್ತು. ಅದಕ್ಕೇ ಬರೆಯುತ್ತಲೇ ಜೋರಾಗಿ ಉಸಿರಾಡುತ್ತಿದ್ದೇನೆ, ಅವರಿಗೆ ಕೇಳಿಸಲಿ ಎಂದು.