ಅನುಮೋದನೆಗೆ ಬಾಕಿ

ಅಕ್ಕನಿಗೆ,

ನೀನು ಹೊಲಿಗೆ ಪಾಠ ಬರೆಯುತ್ತಿದ್ದ ನಮ್ಮ ಅಂಗಡಿಯ ವೆಬ್‌ಸೈಟಿನ ತಂತ್ರಾಂಶಕ್ಕೆ ಭಾನುವಾರ ದೊಡ್ಡ ಅಪ್‌ಡೇಟ್ ಇದೆ. ಅದಕ್ಕೆ ಮುಂಚೆ ಬ್ಯಾಕಪ್ ತೆಗೆದು, ಹಳೆಯ ಕಸ ಗುಡಿಸೋಣವೆಂದು ಕೂತೆ. ಆಗ ‘ಅನುಮೋದನೆಗೆ ಬಾಕಿ’ ಎಂಬ ಪುಟ ಕಣ್ಣಿಗೆ ಬಿತ್ತು. ಓದುಗರು ಬರೆದದ್ದೆಲ್ಲ ನನ್ನ ಒಪ್ಪಿಗೆಗಾಗಿ ಅಲ್ಲಿ ಕಾದು ಕೂತಿತ್ತು. ನಾಲ್ಕು ವರ್ಷದಲ್ಲಿ ನಾನು ಅದನ್ನು ಒಮ್ಮೆಯೂ ತೆರೆದಿರಲಿಲ್ಲ.

ಸೋಮವಾರ ಬಂದರೆ ಸಾಕು, “ಯಾರಾದ್ರೂ ಏನಾದ್ರೂ ಬರೆದಿದಾರೇನೋ?” ಅಂತ ಕೇಳುತ್ತಿದ್ದೆ ನೀನು. ನಾನು ತಲೆಯನ್ನೂ ಎತ್ತದೆ, “ಇಲ್ಲ ಕಣಕ್ಕಾ, ಯಾರಿಗಿದೆ ಪುರುಸೊತ್ತು?” ಅನ್ನುತ್ತಿದ್ದೆ. ಆಮೇಲೆ ನೀನು ಕೇಳುವುದನ್ನು ಬಿಟ್ಟೆ. ಬರೆಯುವುದನ್ನೂ ಬಿಟ್ಟೆ.

ಇನ್ನೂರ ಹನ್ನೊಂದು ಇವೆ, ಅಕ್ಕ. ಒಬ್ಬಾಕೆ ತೀರಿಕೊಂಡ ತನ್ನ ಅಪ್ಪನ ಕೋಟನ್ನು ತನ್ನ ಅಳತೆಗೆ ತರುವುದು ಹೇಗೆಂದು ಮೂರು ಸಲ ಕೇಳಿದ್ದಾಳೆ.

ಕ್ಷಮಿಸು ಅನ್ನಲು ನನಗೆ ಮುಖವಿಲ್ಲ. ಶನಿವಾರ ಅಂಗಡಿ ಮುಚ್ಚಿದ ಮೇಲೆ ಬಾ. ಕನ್ನಡಕ ಮರೆಯಬೇಡ, ಅಕ್ಷರ ಸಣ್ಣದು. ಒಪ್ಪಿಗೆಯ ಗುಂಡಿಯನ್ನು ನೀನೇ ಒತ್ತಬೇಕು, ನನ್ನ ಕೈ ಏಳುತ್ತಿಲ್ಲ.

ಕೋಟಿನವಳು ಮೊನ್ನೆಯೂ ಬರೆದಿದ್ದಾಳೆ: “ಇನ್ನೂ ಕತ್ತರಿ ಹಾಕಿಲ್ಲ ಮೇಡಂ. ನೀವು ಹೇಳಿದ್ಮೇಲೇ ಹಾಕ್ತೀನಿ.”

ತಲೆಯೆತ್ತದೆ ಉತ್ತರ ಕೊಡುತ್ತಿದ್ದ
ನಿನ್ನ ತಮ್ಮ