ಏಳನೆಯ ಖಾನೆಯಲ್ಲಿ ಬರೆಯಬಾರದ ಮಾತು

ರಾಷ್ಟ್ರೀಯ ಉದ್ಯಾನದ ಅನುಮತಿ ವಿಭಾಗದ ಮುಖ್ಯಸ್ಥರಿಗೆ,

ಮಾನ್ಯರೇ,

ನಿಮ್ಮ ಅರ್ಜಿಯ ಏಳನೆಯ ಖಾನೆಯಿಂದಾಗಿ ನನ್ನ ದೊಡ್ಡಮ್ಮನಿಗೆ ತೀರಿಹೋದ ತಮ್ಮನಿಗೆ ಎಡೆ ಮುಟ್ಟಿಸಲು ಎರಡು ಬೇಸಿಗೆಗಳಿಂದ ಆಗಿಲ್ಲ. ಇದನ್ನು ನಿಮಗೆ ನಾಲ್ಕು ಸಲ ಖಾಸಗಿಯಾಗಿ ಬರೆದೆ. ನಾಲ್ಕು ಸಲವೂ "ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ" ಎಂಬ ಉತ್ತರ ಬಂತು. ಅಮೂಲ್ಯವಾದದ್ದನ್ನು ನೀವು ಎಲ್ಲಿ ಎತ್ತಿಡುತ್ತೀರೋ ತಿಳಿಯದೆ ಈಗ ಪತ್ರಿಕೆಗೆ ಬರೆಯುತ್ತಿದ್ದೇನೆ.

ನಿಮ್ಮ ಜಾಲತಾಣ ತೆರೆದರೆ ಮೊದಲು ಕಾಣುವ ಸಾಲು "ನಿಮ್ಮ ಭೇಟಿಯನ್ನು ಯೋಜಿಸಿ" ಎಂಬುದು. ಹಿಮನದಿ ಸಮುದ್ರಕ್ಕೆ ಇಳಿಯುವ ಚಿತ್ರ, ತಿಮಿಂಗಿಲದ ಬಾಲದ ಚಿತ್ರ, ಅದರ ಕೆಳಗೆ ಅರ್ಜಿ. ಏಳನೆಯ ಖಾನೆ ಕೇಳುವುದಿಷ್ಟು: ಪ್ರವೇಶದ ದಿನ ಮತ್ತು ಗಂಟೆ, ದೋಣಿಯಿಂದ ಇಳಿಯುವ ಸ್ಥಳ, ಭೇಟಿಯ ಉದ್ದೇಶ. ಎಲ್ಲವೂ ಅರವತ್ತು ದಿನ ಮೊದಲು, ನಿಖರವಾಗಿ. ದೂರದಿಂದ ವಿಮಾನ ಹತ್ತಿ ಬರುವವರಿಗೆ ಇದರಲ್ಲಿ ಕಷ್ಟವೇನೂ ಇರಲಾರದು. ಆದರೆ ಹಿಮನದಿ ಇಳಿಯುವ ಆ ಕೊಲ್ಲಿಯಿಂದ ದೋಣಿಯಲ್ಲಿ ಎರಡು ಗಂಟೆ ದೂರದಲ್ಲಿರುವ ನಾವು, ಇಲ್ಲಿನ ಮೂಲನಿವಾಸಿ ಟ್ಲಿಂಗಿಟ್ ಜನ, ಏನು ಬರೆಯಬೇಕು? ಹಿಂದೊಮ್ಮೆ ಹಿಮನದಿ ಮುಂದೆ ಬಂದು ನಮ್ಮ ಹಿರಿಯರನ್ನು ಆ ಕೊಲ್ಲಿಯ ದಂಡೆಯಿಂದ ಎಬ್ಬಿಸಿತು. ಮತ್ತೆ ಹಿಂದೆ ಸರಿದು ದಂಡೆಯನ್ನು ಬಿಟ್ಟುಕೊಟ್ಟಿತು. ನಿಮ್ಮ ಕಡತದಲ್ಲಿ ಅದು ಉದ್ಯಾನ. ದೊಡ್ಡಮ್ಮನ ಬಾಯಲ್ಲಿ ಅದು "ಮನೆ ಕಡೆ".

ಹಿಮನದಿ ಕೇಳಿಸಿಕೊಳ್ಳುತ್ತದೆ ಎಂದು ನಂಬಿ ಬೆಳೆದವರು ನಾವು. ಅದರ ಹತ್ತಿರ ಹೋಗುವವರು ಇಂಥ ದಿನ ಬರುತ್ತೇನೆ, ಇಂಥದ್ದು ಮಾಡುತ್ತೇನೆ ಎಂದು ಮೊದಲೇ ಸಾರುವುದಿಲ್ಲ. ಸಾರುವುದು ಅದರ ಎದುರು ಜಂಬ ತೋರಿದಂತೆ. ನನ್ನ ಸೋದರಮಾವ ಹೊರೇಸ್ ನಲವತ್ತು ವರ್ಷ ಮೀನು ಹಿಡಿದರು. ನಾಳೆ ಎಲ್ಲಿಗೆ ಎಂದು ಕೇಳಿದರೆ "ಸ್ವಲ್ಪ ಆ ಕಡೆ ನೋಡ್ಕೊಂಡು ಬರೋಣ ಅಂತ" ಎನ್ನುವುದಕ್ಕಿಂತ ಹೆಚ್ಚು ಅವರ ಬಾಯಿಂದ ಬಂದದ್ದಿಲ್ಲ.

ಅವರು ತೀರಿಕೊಂಡ ಮೇಲೆ ಅವರ ಅಕ್ಕ, ನನ್ನ ದೊಡ್ಡಮ್ಮ ಅರ್ನೆಸ್ಟೀನ್, ಒಂದು ತಟ್ಟೆ ಊಟವನ್ನು ಆ ದಂಡೆಯ ಮೇಲೆ ಬೆಂಕಿಗೆ ಹಾಕಬೇಕೆಂದು ಮನಸ್ಸಿನಲ್ಲಿ ಇಟ್ಟುಕೊಂಡರು. ಬೆಂಕಿಗೆ ಹಾಕಿದ್ದು ಸತ್ತವರಿಗೆ ಮುಟ್ಟುತ್ತದೆ. ಕಡಲ ಭರತದ ಗೆರೆಯ ಕೆಳಗೆ ಬೆಂಕಿ ಹಾಕಲು ನಿಮ್ಮ ಅಭ್ಯಂತರವಿಲ್ಲ, ಅದಕ್ಕೆ ಕೃತಜ್ಞ. ಅರ್ಜಿ ತುಂಬುವ ಕೆಲಸ ನನ್ನದಾಯಿತು. ದಿನದ ಜಾಗದಲ್ಲಿ ದೊಡ್ಡಮ್ಮ ಹೇಳಿದಂತೆ "ಹಿಮ ಒಪ್ಪಿದರೆ, ಜುಲೈಯಲ್ಲಿ" ಎಂದು ಬರೆದೆ. ಉದ್ದೇಶದ ಜಾಗದಲ್ಲಿ "ಮನೆಯ ಕೆಲಸ". ಅರ್ಜಿ "ಅಪೂರ್ಣ" ಎಂಬ ಮುದ್ರೆಯೊಂದಿಗೆ ವಾಪಸಾಯಿತು. ಆಗ ದೊಡ್ಡಮ್ಮನಿಗೆ ತಿಳಿಸದೆ ನೀವು ಕೇಳಿದ್ದನ್ನೆಲ್ಲ ಬರೆದು ಕಳಿಸಿದೆ. ನನ್ನ ತಪ್ಪು ಅದು, ಒಪ್ಪಿಕೊಳ್ಳುತ್ತೇನೆ. ಮನೆಯ ಫೋನ್ ನಂಬರ್ ಕೊಟ್ಟದ್ದು ಅದಕ್ಕಿಂತ ದೊಡ್ಡ ತಪ್ಪು.

ನಾನು ಬರೆದುಕೊಟ್ಟ ದಿನಕ್ಕೆ ಎರಡು ದಿನ ಮೊದಲು ನಿಮ್ಮ ಕಚೇರಿಯಿಂದ ಫೋನ್ ಬಂತು. ದೊಡ್ಡಮ್ಮ ಕಾಡುಹಣ್ಣಿನ ಜಾಮ್ ಕಾಯಿಸುತ್ತಿದ್ದರು. ಕೈಯೆಲ್ಲ ಅಂಟು ಎಂದು ಮೊಣಕೈಯಿಂದ ಸ್ಪೀಕರ್ ಒತ್ತಿದರು.

"ಅರ್ನೆಸ್ಟೀನ್ ಅವ್ರಾ? ನಿಮ್ಮ ಭೇಟಿ ಖಚಿತ ಮಾಡ್ಕೊಳ್ಳೋಕೆ ಫೋನ್ ಮಾಡ್ದೆ. ಗುರುವಾರ, ಹದಿನಾಲ್ಕು, ಬೆಳಿಗ್ಗೆ ಒಂಬತ್ತಕ್ಕೆ. ಹಿಮನದಿ ಎದುರಿನ ದಂಡೆ. ತೀರಿಕೊಂಡ ತಮ್ಮಂಗೆ ಊಟ ಸುಡೋದು. ಸರೀನಾ ಅಮ್ಮಾ?"

"ಯಾರು ಹೇಳಿದ್ದು ನಿಂಗೆ?"

"ಇಲ್ಲೇ ಬರೆದಿದೆಯಲ್ಲ."

"ಹಾಗಾದ್ರೆ ನೀನೇ ಹೋಗಿ ಬಾ ಮಗಳೇ. ಎಲ್ಲಾ ಗೊತ್ತಿದೆಯಲ್ಲ ನಿಂಗೆ."

ಫೋನ್ ಇಟ್ಟು ನನ್ನತ್ತ ತಿರುಗಿದರು. "ಒಂಬತ್ತು ಗಂಟೆಗಂತೆ. ಬದುಕಿದ್ದಾಗ ಕರೆದ ಹೊತ್ತಿಗೆ ಊಟಕ್ಕೆ ಬಂದವನಾ ನಿಮ್ಮ ಮಾವ?"

"ಬರೀ ಕಾಗದ ದೊಡ್ಡಮ್ಮ. ಯಾರೂ ಬಾಯಿಬಿಟ್ಟು ಹೇಳಿಲ್ಲ."

"ಈಗ ಹೇಳಿದ್ಲಲ್ಲೋ, ಅಡುಗೆಮನೆಗೆಲ್ಲ ಕೇಳೋ ಹಾಗೆ. ಅಲ್ಲಿ ಹಿಮಕ್ಕೆ ಕೇಳ್ಸಿಲ್ಲ ಅಂತೀಯಾ?"

ಆ ಗುರುವಾರ ಬಿಸಿಲಿತ್ತು, ಕಡಲು ಶಾಂತವಾಗಿತ್ತು. ನಾವು ಹೋಗಲಿಲ್ಲ.

ಕಳೆದ ಬೇಸಿಗೆಯಲ್ಲಿ ಬೇರೆ ದಾರಿ ಹುಡುಕಿದೆ. ಪ್ರವಾಸಿ ಹಡಗಿನಲ್ಲಿ ಕೂತವರಿಗೆ ಏಳನೆಯ ಖಾನೆ ಇಲ್ಲ. ಇನ್ನೂರು ಜನರ ನಡುವೆ ದೊಡ್ಡಮ್ಮ ಮಡಿಲಲ್ಲಿ ತಟ್ಟೆ ಇಟ್ಟುಕೊಂಡು ಕೂತರು: ಒಣ ಹಾಲಿಬಟ್ ಮೀನು, ಸೀಲ್ ಪ್ರಾಣಿಯ ಎಣ್ಣೆ, ಮಾವನಿಗೆ ಇಷ್ಟವಾದ ಹೆರಿಂಗ್ ಮೀನಿನ ಮೊಟ್ಟೆ. ಹಡಗು ಎಲ್ಲಾದರೂ ನಿಲ್ಲುತ್ತದೆ ಎಂದು ಅವರು ಎಣಿಸಿದ್ದರು. ನಿಲ್ಲುವುದಿಲ್ಲವೆಂದು ನನಗೆ ಗೊತ್ತಿತ್ತು, ಹೇಳಿರಲಿಲ್ಲ. ದಂಡೆ ಎದುರು ಬಂದಾಗ ಅವರು ಗದ್ದ ಎತ್ತಿ ತೋರಿಸಿದರು. ನಂತರ ಹಿಮನದಿಯ ಕಡೆ ನೋಡಿ ನಮ್ಮ ಭಾಷೆಯಲ್ಲಿ ಮೆಲ್ಲಗೆ ಹೇಳಿದರು: "ಬೇಜಾರು ಮಾಡ್ಕೋಬೇಡ. ನಾವೇನೂ ಕೆಲಸಕ್ಕೆ ಬಂದಿಲ್ಲ. ಸುಮ್ನೆ ಹಾದು ಹೋಗ್ತಾ ಇದೀವಿ." ತಟ್ಟೆ ಹಾಗೆಯೇ ಮನೆಗೆ ಬಂತು.

ಹಡಗಿನಲ್ಲಿ ನಿಮ್ಮ ಕಚೇರಿಯ ಕೈಪಿಡಿಯೊಂದನ್ನು ಹಂಚಿದರು. ಅದರ ಕೊನೆಯ ಪುಟದಲ್ಲಿ ಸಣ್ಣ ಅಕ್ಷರದಲ್ಲಿ ಹೀಗಿದೆ: "ಹಿಮ ಮತ್ತು ಹವೆಯ ಸ್ಥಿತಿ ಅವಕಾಶ ಕೊಟ್ಟಲ್ಲಿ ಮಾತ್ರ. ಸಮಯ ಮತ್ತು ಸ್ಥಳ ಮುನ್ಸೂಚನೆ ಇಲ್ಲದೆ ಬದಲಾಗಬಹುದು." ಮಾನ್ಯರೇ, ಇದನ್ನು ಎರಡು ಸಲ ಓದಿದೆ. ದೊಡ್ಡಮ್ಮ ಹೇಳಿದ್ದು ಇದಕ್ಕಿಂತ ಬೇರೆ ಏನು? ಅವರು ಹೇಳಿದರೆ ಅಪೂರ್ಣ ಅರ್ಜಿ, ನೀವು ಮುದ್ರಿಸಿದರೆ "ಪ್ರಯಾಣಿಕರ ಗಮನಕ್ಕೆ". ಹಿಮದ ಮುಂದೆ ತಲೆಬಾಗುವ ಹಕ್ಕು ಕಚೇರಿಗಷ್ಟೇ ಮೀಸಲೆಂದು ಯಾವ ನಿಯಮದಲ್ಲಿದೆ?

ತಿಮಿಂಗಿಲಗಳ ಸಲುವಾಗಿ ದೋಣಿಗಳ ಸಂಖ್ಯೆಗೆ ಮಿತಿ ಬೇಕು, ಅದರ ಬಗ್ಗೆ ನನ್ನ ತಕರಾರಿಲ್ಲ. ಬೇಸಿಗೆಗೆ ಒಂದು ದೋಣಿಯ ಜಾಗವನ್ನು ನಮ್ಮ ಊರಿನ ಹೆಸರಿನಲ್ಲಿ ಇಡಿ. ದಿನದ ಎದುರು "ಹಿಮ ಒಪ್ಪಿದರೆ" ಎಂದು ಬರೆದರೆ ಅದನ್ನು ಪೂರ್ಣ ಉತ್ತರವೆಂದು ಸ್ವೀಕರಿಸಿ. ಫೋನ್ ಮಾಡಬೇಡಿ. ಎಲ್ಲಿಗೆ ಹೋದೆವು, ಏನು ಮಾಡಿದೆವು ಎಂದು ಹೋಗಿಬಂದ ಮೇಲೆ ಹೇಳುತ್ತೇವೆ. ದೊಡ್ಡಮ್ಮ ಹೇಳತೊಡಗಿದರೆ, "ಸಾಕು" ಎನ್ನುವವರು ನೀವೇ ಆಗಿರುತ್ತೀರಿ.

ಈ ಪತ್ರದಲ್ಲಿ ನಡೆಯದೆ ಹೋದದ್ದನ್ನು ಬರೆದಿದ್ದೇನೆಯೇ ಹೊರತು ಮುಂದೆ ಮಾಡುವುದನ್ನಲ್ಲ. ದೊಡ್ಡಮ್ಮನಿಗೆ ಈಗ ಎಂಬತ್ತಾರು. ಇನ್ನು ಎಷ್ಟು ಬೇಸಿಗೆ ಎಂದು ನೀವು ಕೇಳಿದರೂ ಬರೆಯಲಾರೆ. ಅದನ್ನೂ ಮೊದಲೇ ಹೇಳಬಾರದು.

ಇಂತಿ,
ಏಳನೆಯ ಖಾನೆಯನ್ನು ಒಮ್ಮೆ ತುಂಬಿ ಕೆಟ್ಟ ಸೋದರಳಿಯ,
ಡೆಸ್ಮಂಡ್