ಸಂಜೆಯ ಪ್ರಾರ್ಥನೆಗೆ ಬಾರದ ಸಿಸ್ಟರ್

ಹಲಸೂರು
ಗುರುವಾರ

ಪ್ರೀತಿಯ ಮದರ್,

ಸಿಸ್ಟರ್ ವಿಮಲಾ ಸಂಜೆಯ ಪ್ರಾರ್ಥನೆ ತಪ್ಪಿಸುತ್ತಾರೆ, ಅವರನ್ನು ಬೇರೆ ಕಾನ್ವೆಂಟಿಗೆ ಕಳುಹಿಸಿ ಎಂದು ಹೋದ ವಾರ ಬರೆದಿದ್ದೆ. ಬರೆದದ್ದು ಸುಳ್ಳಲ್ಲ, ಆದರೆ ಬರೆಸಿದ್ದು ನನ್ನ ಹೊಟ್ಟೆಕಿಚ್ಚು. ಇಪ್ಪತ್ತಾರು ವರ್ಷಗಳಿಂದ ಇಲ್ಲಿನ ಆಸ್ಪತ್ರೆಯ ಈ ವಾರ್ಡ್ ನೋಡಿಕೊಳ್ಳುತ್ತಿರುವವಳು ನಾನು. ರೋಗಿಗಳು ಕೇಳುವುದು ಮೊನ್ನೆಯಷ್ಟೇ ಬಂದ ವಿಮಲಾರನ್ನು. ಕೆ.ಆರ್. ಪುರದ ಮುನಿಲಕ್ಷ್ಮಮ್ಮನ ಕಾಲಿನ ಗಾಯಕ್ಕೆ ನಾನು ಡ್ರೆಸಿಂಗ್ ಮಾಡಲು ಹೋದರೆ, “ಆ ಚಿಕ್ಕ ಸಿಸ್ಟರ್ ಬರ್ಲಿ ಬಿಡಮ್ಮ, ಕಾಯ್ತೀನಿ” ಅಂದರು.

ಮಂಗಳವಾರ ಪ್ರಾರ್ಥನೆಯ ಗಂಟೆ ಹೊಡೆದ ಮೇಲೆ, ತಪ್ಪು ಹಿಡಿಯಲೆಂದೇ ವಾರ್ಡಿಗೆ ಹೋದೆ. ಮುನಿಲಕ್ಷ್ಮಮ್ಮ ಹಾಸಿಗೆಯಲ್ಲೇ ಭೇದಿ ಮಾಡಿಕೊಂಡು ಅಳುತ್ತಿದ್ದರು.

“ನೀವು ಮುಟ್ಬೇಡಿ ತಾಯಿ, ನಂಗೆ ನಾಚ್ಕೆ ಆಗ್ತದೆ” ಎಂದು ವಿಮಲಾರ ಕೈ ತಡೆಯುತ್ತಿದ್ದರು.

“ನನ್ನೂ ಚಿಕ್ಕವಳಿದ್ದಾಗ ಯಾರೋ ತೊಳ್ದಿದ್ದಾರಲ್ವಾ ಅಜ್ಜಿ?” ಎನ್ನುತ್ತ ವಿಮಲಾ ಒರೆಸುತ್ತಿದ್ದರು. ನನ್ನನ್ನು ಕಂಡು ಅವರು ಗಾಬರಿಯಾಗಲಿಲ್ಲ. “ಸಿಸ್ಟರ್, ಅಜ್ಜೀನ ಆ ಕಡೆ ಸ್ವಲ್ಪ ಹಿಡ್ಕೋತೀರಾ? ಒಬ್ಬಳ ಕೈಲಿ ಆಗ್ತಿಲ್ಲ.”

ಹಿಡಿದುಕೊಂಡೆ. ಇಬ್ಬರೂ ಸೇರಿ ತೊಳೆದು, ಹಾಸಿಗೆ ಬದಲಿಸುವಷ್ಟರಲ್ಲಿ ಪ್ರಾರ್ಥನೆ ಮುಗಿದೇ ಹೋಗಿತ್ತು. ದಿನವೂ ಅವರನ್ನು ತಡಮಾಡಿಸುವುದು ಇಂಥ ಕೆಲಸವೇ ಎಂದು ಆಯಾ ಹೇಳಿದಳು. ಯಾಕೆ ತಡವಾಗುತ್ತದೆಂದು ಇಷ್ಟು ದಿನ ನಾನು ಕೇಳಿಯೇ ಇರಲಿಲ್ಲ.

ಕೊನೆಗೆ ಅಜ್ಜಿ ವಿಮಲಾರ ಕೈಯನ್ನು ಮಾತ್ರ ಕಣ್ಣಿಗೊತ್ತಿಕೊಂಡರು. ನನ್ನ ಕೈಯೂ ಪಕ್ಕದಲ್ಲೇ ಇತ್ತು, ಮದರ್. ಇದನ್ನು ಬರೆಯುವಾಗಲೂ ಸಂಕಟವಾಗುತ್ತಿದೆ. ಆದರೂ ಆ ಪತ್ರವನ್ನು ಹರಿದುಹಾಕಿ. ವಿಮಲಾರನ್ನು ನನ್ನ ವಾರ್ಡಿನಲ್ಲೇ ಬಿಡಿ.

ನಿಮ್ಮ ಪ್ರಾರ್ಥನೆ ಬೇಡುವ,
ಸಿಸ್ಟರ್ ರೆಜಿನಾ